ಓರ್ಫಾ ಮತ್ತು ಅಗಲದ ಮಾತುಗಳು

ವೆಸ್ಟಾ ಆ ಮಾತುಗಳನ್ನು ಮೊದಲು ಕೇಳಿದ್ದು ಮದುವೆಯಾಗಿ ಸ್ಪೈಸ್‌ವುಡ್ ಕಣಿವೆಗೆ ಬಂದ ಮೊದಲ ವಾರದಲ್ಲಿ. ಅತ್ತೆ ಓರ್ಫಾ ಜಗಲಿಯ ಮೇಲೆ ಕಾಲು ಚಾಚಿ ಕೂತು, ಚಳಿಗಾಲಕ್ಕೆ ಒಣಗಿಸಿಡಲು ಹುರುಳಿಕಾಯಿಯನ್ನು ಸೂಜಿದಾರದಲ್ಲಿ ಪೋಣಿಸುತ್ತಿದ್ದಳು. ಎದುರಿಗೆ ಕೂತು ವೆಸ್ಟಾ ಕಾಯಿಯ ನಾರು ತೆಗೆಯುತ್ತಿದ್ದಳು. ಅತ್ತೆ ಸೊಸೆಯರಿಗೆ ಇನ್ನೂ ಸಲಿಗೆ ಬಂದಿರಲಿಲ್ಲ. ಬಾಯಿ ಮುಚ್ಚಿ ಕೂತರೆ ಬಿಗುಮಾನದವಳು ಅಂದುಕೊಂಡಾಳು ಎಂದು ವೆಸ್ಟಾ ಮನೆಯ ಹಿಂದಿನ ಗುಡ್ಡದ ಕಡೆ ಗದ್ದ ಎತ್ತಿ, ಇದೆಲ್ಲ ನಮ್ಮದೇನಾ ಅತ್ತೆ ಎಂದು ಕೇಳಿದಳು.

ಓರ್ಫಾ ಸೂಜಿ ನಿಲ್ಲಿಸಲಿಲ್ಲ. ಕಣ್ಣು ಅರೆ ಮುಚ್ಚಿ, ದನಿ ಬದಲಿಸಿ, ಎಳೆದೆಳೆದು ಹೇಳತೊಡಗಿದಳು.

“ಸಕಲ ಕಲ್ಲಿದ್ದಲು, ಸಮಸ್ತ ಖನಿಜ, ಎಲ್ಲ ಬಗೆಯ ಎಣ್ಣೆ ಮತ್ತು ಅನಿಲ, ಯಾವತ್ತೂ ನೀರು, ಯಾವತ್ತೂ ಮರ, ಅವನ್ನು ತೆಗೆಯಲು ಅಗತ್ಯವೋ ಅನುಕೂಲವೋ ಎಂದು ತೋಚಿದ ಎಂಥದೇ ಕೆಲಸ ಮಾಡುವ ಸಂಪೂರ್ಣ ಹಕ್ಕು, ಎಂದೆಂದಿಗೂ.”

ವೆಸ್ಟಾ ಅದು ಪ್ರಾರ್ಥನೆ ಎಂದುಕೊಂಡಳು. ನಾರು ತೆಗೆಯುವುದು ಬಿಟ್ಟು ತಲೆ ತಗ್ಗಿಸಿದಳು. ಕೊನೆಗೆ ಆಮೆನ್ ಎಂದೂ ಅಂದುಬಿಟ್ಟಳು.

“ನಮ್ಮಪ್ಪನೂ ಹಂಗೇ ಅಂದಿದ್ದು ಕಣೆ,” ಎಂದಳು ಓರ್ಫಾ. “ಅದಕ್ಕೇ ಈಗ ಗುಡ್ಡ ನಮ್ಮದಲ್ಲ.”

ರೈಲು ಇನ್ನೂ ಆ ಬೆಟ್ಟಗಳಿಗೆ ಬಂದಿರದ ಕಾಲದ ಮಾತು ಅದು. ಓರ್ಫಾ ಆಗ ಹಾಲುಹಲ್ಲು ಬೀಳುವ ಹುಡುಗಿ. ಹೇಸರಗತ್ತೆ ಏರಿ ಕಲ್ಲಿದ್ದಲು ಕಂಪನಿಯ ಒಬ್ಬ ಬಿಳಿ ಕಾಲರಿನ ಮನುಷ್ಯ ಬಂದ. ಓರ್ಫಾಳ ಅಪ್ಪ ಎಲೈಜಾ ಅವನಿಗೆ ಊಟ ಹಾಕಿಸಿದ, ಹೇಸರಗತ್ತೆಗೂ ಮೇವು ಹಾಕಿಸಿದ. ಉಂಡು ಕೈತೊಳೆದ ಮೇಲೆ ಆ ಮನುಷ್ಯ ಕೋಟಿನ ಜೇಬಿನಿಂದ ಪತ್ರ ತೆಗೆದು ಗಟ್ಟಿಯಾಗಿ ಓದಿದ. ಎಲೈಜಾನಿಗೆ ಅಕ್ಷರ ಬಾರದು. ಅವನು ಹುಟ್ಟಿದಾಗಿನಿಂದ ಓದು ಕೇಳಿದ್ದು ಒಂದೇ ಜಾಗದಲ್ಲಿ, ಚರ್ಚಿನಲ್ಲಿ. ಇಂಗ್ಲಿಷಿನಲ್ಲಿ ಸಕಲ, ಸಮಸ್ತ ಎಂಬಂಥ ಅಗಲದ ಮಾತುಗಳಿಗೆ ಬರವಿಲ್ಲ. ಆದರೆ ಆ ಕಣಿವೆಯಲ್ಲಿ ಅವನ್ನು ಬಳಸುತ್ತಿದ್ದದ್ದು ದೇವರಿಗೆ ಮಾತ್ರ. ಸಕಲ ಮಹಿಮೆ ಅವನದು, ಸಮಸ್ತ ಬಲ ಅವನದು, ಎಂದೆಂದಿಗೂ ಅವನದು. ಮನುಷ್ಯರ ಸಾಮಾನಿಗೆ ಮನುಷ್ಯರ ಮಾತು ಸಾಕಿತ್ತು: ಇಂಥ ಹಸು, ಅಷ್ಟು ಜೋಳ, ಆ ಓಕ್ ಮರದಿಂದ ಈ ಬಂಡೆಯವರೆಗೆ. ಹೀಗಾಗಿ ಆ ಪತ್ರ ಕೇಳುತ್ತ ಕೇಳುತ್ತ ಎಲೈಜಾ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಇಷ್ಟು ದೊಡ್ಡ ಮಾತಾಡುವವನು ಮೋಸಗಾರನಾಗಿರಲಾರ ಎಂದುಕೊಂಡ. ಓದು ಮುಗಿದಾಗ ಆಮೆನ್ ಎಂದ, ಸಹಿಯ ಜಾಗದಲ್ಲಿ ಗೀರು ಎಳೆದ.

ಕಣಿವೆಯ ಮನೆ ಮನೆಯಲ್ಲೂ ಇದೇ ನಡೆಯಿತು. ಜನ ಅದಕ್ಕೆ ಅಗಲದ ಪತ್ರ ಎಂದು ಹೆಸರಿಟ್ಟರು. ಹೆಸರಿಟ್ಟು ಮರೆತರು. ಯಾಕೆಂದರೆ ಆಗ ಕಲ್ಲಿದ್ದಲು ತೆಗೆಯುವವರು ಹೆಗ್ಗಣದ ಹಾಗೆ ಬಿಲ ಕೊರೆದು ಒಳಗೆ ಹೋಗುತ್ತಿದ್ದರು. ಮೇಲಿನ ಜೋಳ, ದನ, ಮನೆ, ಗೋರಿ ಯಾವುದಕ್ಕೂ ತೊಂದರೆ ಇರಲಿಲ್ಲ. ಮರೆಯದಿದ್ದವಳು ಓರ್ಫಾ ಒಬ್ಬಳೇ. ಅಪ್ಪನ ಪಕ್ಕ ಕಂಬಕ್ಕೆ ಒರಗಿ ನಿಂತಿದ್ದ ಹುಡುಗಿಗೆ ಆ ಪತ್ರ ಪೂರ್ತಿ ಬಾಯಿಪಾಠವಾಗಿಬಿಟ್ಟಿತ್ತು.

ಅದೇ ಕಾರಣಕ್ಕೋ ಏನೋ, ಓರ್ಫಾಳ ಮನೆಯಲ್ಲಿ ಅಗಲದ ಮಾತಿಗೆ ಜಾಗ ಇರಲಿಲ್ಲ. ಇದು ವೆಸ್ಟಾಳಿಗೆ ಬರಬರುತ್ತ ಗೊತ್ತಾಯಿತು. ಎಲ್ಲ ಪಾತ್ರೆ ತೊಳೆದೆ ಅತ್ತೆ ಎಂದರೆ, ಯಾವ್ಯಾವುದು ಎಂದು ಕೇಳುವಳು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ನಿಂತು, ಮಗ ಆರ್ವಿಲ್‌ಗೆ ಕೆಮ್ಮು, ವೆಸ್ಟಾಗೆ ಬಸುರಿನ ವಾಕರಿಕೆ, ಕಪ್ಪು ಹಸುವಿಗೆ ಕೆಚ್ಚಲು ಬಾವು, ತನಗೆ ಮಂಡಿ ನೋವು ಎಂದು ಒಬ್ಬೊಬ್ಬರದೇ ಹೇಳುವಳು. ಕೇಳಿದವರು ಮುಂದಿನ ಸಲ ತಲೆಯಾಡಿಸಿ ಸುಮ್ಮನೆ ದಾಟಿ ಹೋಗುತ್ತಿದ್ದರು. ರಾತ್ರಿಯ ಪ್ರಾರ್ಥನೆಯಲ್ಲೂ ಹಾಗೆಯೇ. ಎಲ್ಲರನ್ನೂ ಕಾಪಾಡು ಎಂದು ಅವಳು ಎಂದೂ ಅಂದವಳಲ್ಲ. ಸತ್ತವರು ಬದುಕಿದವರು ಎನ್ನದೆ ಹೆಸರು ಹಿಡಿದು ಹೇಳುತ್ತ ಹೋಗುವಳು, ರೊಟ್ಟಿ ತಣ್ಣಗಾಗುತ್ತಿತ್ತು. ಮಗ ಆರ್ವಿಲ್ ಒಮ್ಮೆ ತಡೆಯಲಾರದೆ, ದೇವರಿಗೆ ನಮ್ಮ ಹೆಸರು ಗೊತ್ತಿದೆ ಅವ್ವ ಎಂದ.

“ಅವನಿಗೆ ಗೊತ್ತು ಕಣೋ. ನಿಂಗೆ ಗೊತ್ತಿರ್ಲಿ ಅಂತ ಹೇಳ್ತಿರೋದು,” ಎಂದಳು ಓರ್ಫಾ.

ಅವಳು ಹೇಳುತ್ತಿದ್ದ ಹೆಸರುಗಳಲ್ಲಿ ಅರ್ಧಕ್ಕೆ ಅರ್ಧ ಗುಡ್ಡದ ಮೇಲೆ ಮಲಗಿದ್ದವು. ಮನೆಯ ಹಿಂದಿನಿಂದ ಒಂದು ಕಾಲುದಾರಿ ಹತ್ತಿ ಹೋದರೆ ದೇವದಾರು ಮರಗಳ ನಡುವೆ ಬೇಲಿ ಹಾಕಿದ ಗೋರಿ ಜಾಗ. ಅಲ್ಲಿ ಎಲೈಜಾ, ಅವನ ಹೆಂಡತಿ, ಗಂಟಲು ಬೇನೆಗೆ ಒಂದೇ ಚಳಿಗಾಲದಲ್ಲಿ ಹೋದ ಓರ್ಫಾಳ ಇಬ್ಬರು ಕೂಸುಗಳು, ಗಂಡ ಟಾಲ್ಬರ್ಟ್. ಟಾಲ್ಬರ್ಟನ ಕಲ್ಲು ಜೋಡಿ ಕಲ್ಲು. ಅರ್ಧದಲ್ಲಿ ಅವನ ಹೆಸರು, ಇನ್ನರ್ಧದಲ್ಲಿ ಓರ್ಫಾಳ ಹೆಸರು ಮತ್ತು ಹುಟ್ಟಿದ ವರ್ಷ. ಪಕ್ಕದಲ್ಲಿ ಅಡ್ಡಗೆರೆ, ಅದರಾಚೆ ಖಾಲಿ. ಅದರ ಮುಂದೆ ಕೂತು ಓರ್ಫಾ ಕಳೆ ಕೀಳುವಾಗ ವೆಸ್ಟಾಳಿಗೆ ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಓರ್ಫಾ ಮಾತ್ರ ತನ್ನ ಹಾಸಿಗೆ ತಾನೇ ಒದರಿ ಹಾಸುವವಳಂತೆ ಇರುತ್ತಿದ್ದಳು.

ಹೀಗಿರುವಾಗ ಒಂದು ವಸಂತದಲ್ಲಿ ಗುಡ್ಡದ ಮೇಲೆ ಕೆಂಪು ಬಟ್ಟೆ ಕಟ್ಟಿದ ಗೂಟಗಳು ಕಂಡವು.

ಕಂಪನಿ ಈಗ ಬಿಲ ಕೊರೆಯುವುದನ್ನು ಬಿಟ್ಟಿತ್ತು. ಬುಲ್ಡೋಜರ್ ತಂದು ಗುಡ್ಡದ ಮೈಯನ್ನೇ ಸುಲಿದು ಕಲ್ಲಿದ್ದಲು ಬಾಚುವುದು ಹೊಸ ಪದ್ಧತಿ. ಸುಲಿದ ಮಣ್ಣು, ಬಂಡೆ, ಮರ ಇಳಿಜಾರಿನಲ್ಲಿ ಬಿದ್ದಲ್ಲಿ ಬಿದ್ದವು. ಓರ್ಫಾ ತಾಲ್ಲೂಕು ಕೇಂದ್ರಕ್ಕೆ ಹೋಗಿ ಒಬ್ಬ ವಕೀಲರನ್ನು ಕಂಡು ಬಂದಳು. ಅವರು ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿದರು. ಆದರೆ ಪತ್ರ ಓದಿ ಕನ್ನಡಕ ಕೆಳಗಿಟ್ಟರಂತೆ. ಈ ಬಲೆಯ ಕಣ್ಣು ಯಾವ ಮೀನೂ ನುಸುಳದಷ್ಟು ಸಣ್ಣದು ತಾಯಿ, ಮನೆಯಡಿ ಕಲ್ಲಿದ್ದಲಿದ್ದರೆ ಮನೆಯನ್ನೂ ಸರಿಸಬಹುದು ಎಂದರಂತೆ. ಗೋರಿ ಎಂದದ್ದಕ್ಕೆ, ಗೋರಿ ಬಿಟ್ಟು ಎಂದು ಪತ್ರದಲ್ಲಿ ಎಲ್ಲೂ ಇಲ್ಲವಲ್ಲ ಎಂದರಂತೆ.

ಅಂದಿನಿಂದ ಮನೆಯಲ್ಲಿ ನೆಮ್ಮದಿ ಹೋಯಿತು. ಆರ್ವಿಲ್ ಕೆಲಸ ಮಾಡುತ್ತಿದ್ದದ್ದು ಅದೇ ಕಂಪನಿಯ ತೂಕದ ಕಟ್ಟೆಯಲ್ಲಿ. ನಿಮ್ಮಮ್ಮನ ಬಾಯಿ ನೋಡಿಕೋ ಎಂದು ಮೇಸ್ತ್ರಿ ಅವನಿಗೆ ಎರಡು ಸಲ ಹೇಳಿ ಕಳಿಸಿದ್ದ. ಆರ್ವಿಲ್ ತಾಯಿಗೆ ಹೇಳಲಾರದೆ ಹೆಂಡತಿಯ ಮೇಲೆ ಸಿಡುಕುತ್ತಿದ್ದ. ಮೇಜಿನ ಸುತ್ತ ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ಜೋಳದ ರೊಟ್ಟಿ, ಬೇಯಿಸಿದ ಕಾಳು ನುಂಗಿ ಏಳುತ್ತಿದ್ದರು. ಯಂತ್ರದ ಸದ್ದು ದಿನದಿನಕ್ಕೆ ಹತ್ತಿರವಾಯಿತು. ಮೊದಲು ಕಿವಿಗೆ ಕೇಳುತ್ತಿತ್ತು, ಆಮೇಲೆ ಕಾಲಿಗೆ ತಿಳಿಯತೊಡಗಿತು. ಕಪಾಟಿನ ತಟ್ಟೆಗಳು ತಾವೇ ಕಟಕಟ ಎನ್ನುತ್ತಿದ್ದವು. ಒರತೆಯ ನೀರು ಹಳದಿಯಾಯಿತು. ಪಕ್ಕದ ಮನೆಯವರ ಕೋಳಿಗೂಡಿನ ಮೇಲೆ ಒಂದು ಬಂಡೆ ಉರುಳಿ ಬಂದು ಕೂತಿತು. ವೆಸ್ಟಾ ಕೂಸನ್ನು ಹಿಂದಿನ ಕೋಣೆಯಲ್ಲಿ ಮಲಗಿಸುವುದನ್ನು ಬಿಟ್ಟಳು.

ಬುಲ್ಡೋಜರ್ ನಡೆಸುತ್ತಿದ್ದವನು ಹೊರಗಿನವನಲ್ಲ. ಓರ್ಫಾಳ ತಂಗಿಯ ಮಗ ಡೆನ್ವರ್. ಒಂದು ಮಧ್ಯಾಹ್ನ ಮೈತುಂಬ ಮಣ್ಣು ಮೆತ್ತಿಕೊಂಡು ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತ. ಓರ್ಫಾ ಅವನಿಗೆ ಮಜ್ಜಿಗೆ ರೊಟ್ಟಿ ಕೊಟ್ಟಳು. ಅವನು ತಿನ್ನದೆ ತಟ್ಟೆ ನೋಡುತ್ತ ಕೂತ.

“ನಾನಲ್ದಿದ್ರೆ ಇನ್ನೊಬ್ಬ ನಡೆಸ್ತಾನೆ ದೊಡ್ಡಮ್ಮ,” ಎಂದ ಕೊನೆಗೆ.

“ಅದಕ್ಕೇ ನೀನೇ ಇರು ಮಗ. ನಿಮ್ಮಜ್ಜಿ ತಲೆ ಯಾವ ಕಡೆ ಐತೆ, ಕಾಲು ಯಾವ ಕಡೆ ಐತೆ ಅಂತ ನಿಂಗಾದ್ರೂ ಗೊತ್ತು. ತಿನ್ನು, ರೊಟ್ಟಿ ಒಣಗ್ತದೆ.”

ಡೆನ್ವರ್ ತಿನ್ನಲಿಲ್ಲ. ಆದರೆ ಹೋಗುವಾಗ, ಮುಂದಿನ ಭಾನುವಾರಕ್ಕೆ ದೇವದಾರು ಮರಗಳ ಹತ್ತಿರ ಬರ್ತೀವಿ ಎಂದು ಮೆಲ್ಲಗೆ ಹೇಳಿ ಹೋದ.

ಮುಂದಿನ ಭಾನುವಾರವೆಂದರೆ ಗೋರಿಗಳಿಗೆ ಹೂವು ಇಡುವ ಭಾನುವಾರ. ವರ್ಷಕ್ಕೊಮ್ಮೆ ದೂರದ ಊರುಗಳಿಗೆ ದುಡಿಯಲು ಹೋದವರೂ ಅಂದು ಬಂದು, ಕಳೆ ಕಿತ್ತು, ಕಲ್ಲು ತೊಳೆದು, ಮಳೆಗೆ ನೆನೆಯದಂತೆ ಮೇಣದಲ್ಲಿ ಅದ್ದಿದ ಕಾಗದದ ಹೂಗಳನ್ನು ಇಟ್ಟು, ಅಲ್ಲೇ ಹುಲ್ಲಿನ ಮೇಲೆ ಬಟ್ಟೆ ಹಾಸಿ ಉಂಡು ಹೋಗುವುದು ರೂಢಿ. ಅಂಥ ದಿನವೂ ಕಂಪನಿ ಕೆಲಸ ನಿಲ್ಲಿಸುವುದಿಲ್ಲ ಎಂದು ತಿಳಿದಾಗ ಕಣಿವೆಯಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಬರದಿದ್ದವರೂ ಬಂದರು. ಕೆಲವರು ಹೂವಿನ ಜೊತೆ ಅಳಿಲು ಹೊಡೆಯುವ ಬಂದೂಕನ್ನೂ ತಂದರು. ತಂದವರು ಅದನ್ನು ಬೇಲಿಗೆ ಒರಗಿಸಿ, ತಮ್ಮದಲ್ಲವೇನೋ ಎಂಬಂತೆ ಬೇರೆ ಕಡೆ ನೋಡುತ್ತಿದ್ದರು. ಆರ್ವಿಲ್ ಬಂದಿದ್ದ, ಆದರೆ ಜನರ ಹಿಂದೆ, ಮುಖ ಕಾಣದ ಹಾಗೆ.

ಯಂತ್ರ ಮೇಲಿನಿಂದ ಇಳಿದು ಬಂದು ಬೇಲಿಯಿಂದ ಒಂದು ಕೂಗಳತೆಯಲ್ಲಿ ನಿಂತಿತು. ನಿಂತರೂ ಬಾಯಿ ಮುಚ್ಚಲಿಲ್ಲ, ಗುರುಗುಟ್ಟುತ್ತಲೇ ಇತ್ತು. ಜೀಪಿನಲ್ಲಿ ಕಂಪನಿಯ ಪ್ರಿವಿಟ್ ಬಂದ. ಹದವಾಗಿ ಮಾತಾಡುವ, ಮುಖ ಚೆನ್ನಾಗಿ ಕ್ಷೌರ ಮಾಡಿದ ಮನುಷ್ಯ. ಗೋರಿ ಮುಟ್ಟಿದರೆ ಪತ್ರಿಕೆಯವರು ಬರುತ್ತಾರೆ ಎನ್ನುವುದು ಅವನಿಗೆ ಗೊತ್ತಿತ್ತು. ಓರ್ಫಾಳ ಮುಂದೆ ಟೋಪಿ ತೆಗೆದು, ಗೋರಿ ಜಾಗ ಬಿಟ್ಟುಕೊಡುತ್ತೇವೆ ಅಮ್ಮ, ಇದೊಂದು ಕಾಗದಕ್ಕೆ ಗುರುತು ಹಾಕಿಬಿಡಿ ಎಂದ. ಜನರಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ಮುಗಿಯಿತು, ಗೆದ್ದೆವು ಎಂದುಕೊಂಡರು. ವೆಸ್ಟಾಳೂ ಹಾಗೆಯೇ ಅಂದುಕೊಂಡಳು.

“ಓದಿ,” ಎಂದಳು ಓರ್ಫಾ.

ಪ್ರಿವಿಟ್ ಗಡಗಡ ಓದಿದ. ಯಂತ್ರದ ಸದ್ದಿನಲ್ಲಿ ಯಾರ ತಲೆಗೂ ಏನೂ ಹತ್ತಲಿಲ್ಲ.

“ಹಂಗಲ್ಲ. ನಮ್ಮಲ್ಲಿ ಸುಮಾರು ಜನಕ್ಕೆ ಅಕ್ಷರ ಬರಾಕಿಲ್ಲ. ಚರ್ಚಲ್ಲಿ ಹಾಡು ಕೊಟ್ಟಂಗೆ ಒಂದೊಂದು ಸಾಲು ಕೊಡಿ. ಹೈರಮಣ್ಣ ತಗೋತಾನೆ.”

ಹೈರಮ್ ಅವರ ಚರ್ಚಿನ ಹಾಡುಗಾರ. ಅಲ್ಲಿ ಹಾಡಿನ ಪುಸ್ತಕವಿಲ್ಲ, ವಾದ್ಯವಿಲ್ಲ. ಮುಂದಿನವನು ಒಂದು ಸಾಲು ಎತ್ತಿಕೊಟ್ಟರೆ ಜನ ಅದನ್ನೇ ನಿಧಾನವಾಗಿ ಎಳೆದು ಹಾಡುತ್ತಾರೆ. ಪ್ರಿವಿಟ್ ನಗಲು ನೋಡಿದ. ಯಾರೂ ನಗಲಿಲ್ಲ. ಅವನು ಮೊದಲ ಸಾಲು ಓದಿದ: ಈ ಕೆಳಗೆ ಗುರುತು ಹಾಕಿದವಳು ಕಂಪನಿಯ ಮೇಲಿನ ತನ್ನ ಸಕಲ ಹಕ್ಕು ದೂರುಗಳನ್ನು ಬಿಟ್ಟುಕೊಟ್ಟಿದ್ದಾಳೆ. ಹೈರಮ್ ಅದನ್ನು ಎತ್ತಿದ. ಅಭ್ಯಾಸಬಲ, ಇಡೀ ಗುಡ್ಡ ಅದನ್ನು ಹಾಡಿತು. ಎರಡನೆಯ ಸಾಲು: ಹಿಂದಿನ, ಇಂದಿನ, ಮುಂದಿನ ಯಾವತ್ತೂ ನಷ್ಟ, ಎಂಥದೇ ಹಾನಿ. ಅದನ್ನೂ ಹಾಡಿತು. ಆದರೆ ಈ ಸಲ ದನಿ ಕುಗ್ಗಿತ್ತು. ಮೂರನೆಯದು: ಆಕೆಯ ವಾರಸುದಾರರು, ಸಂಬಂಧಿಕರು, ಈ ಕಣಿವೆಯಲ್ಲಿ ಆಕೆಯ ಮೂಲಕ ಹಕ್ಕು ಹೇಳುವ ಸಮಸ್ತರೂ. ಆ ಸಾಲನ್ನು ಹಾಡುತ್ತ ಹಾಡುತ್ತ ಜನ ಒಬ್ಬೊಬ್ಬರೇ ನಿಲ್ಲಿಸಿದರು. ಕಣಿವೆಯಲ್ಲಿ ಓರ್ಫಾಳಿಗೆ ಸಂಬಂಧವಿಲ್ಲದವರು ಯಾರಿದ್ದರು? ತಮ್ಮ ತಮ್ಮ ಅಜ್ಜಂದಿರು ಟೋಪಿ ತೆಗೆದು ಹಿಡಿದದ್ದು ಯಾವ ಮಾತಿಗೆಂದು ಆಗ ಹೊಕ್ಕಿತು ಅವರ ತಲೆಗೆ. ಕೊನೆಗೆ ಹೈರಮ್‌ನ ಒಂಟಿ ದನಿ ಉಳಿದು, ಅದೂ ನಿಂತಿತು.

ಬೇಲಿಗೆ ಒರಗಿದ್ದ ಬಂದೂಕುಗಳ ಹತ್ತಿರ ಯಾರೋ ಸರಿದರು. ಪ್ರಿವಿಟ್ ಕೈ ಎತ್ತಿ ಡೆನ್ವರ್‌ಗೆ ಸನ್ನೆ ಮಾಡಿದ. ಯಂತ್ರದ ಗಂಟಲು ಒಮ್ಮೆ ಏರಿತು, ಮುಂದಿನ ಕಬ್ಬಿಣದ ಅಲಗು ನೆಲಬಿಟ್ಟು ಮೇಲೆದ್ದಿತು. ವೆಸ್ಟಾ ಕೂಸನ್ನು ಎದೆಗೆ ಒತ್ತಿಕೊಂಡಳು. ಓರ್ಫಾ ಬೇಲಿ ದಾಟಿ ಹೊರಗೆ ಬಂದು, ಯಂತ್ರಕ್ಕೆ ಬೆನ್ನು ಮಾಡಿ, ಪ್ರಿವಿಟ್‌ಗೆ ಮುಖ ಮಾಡಿ ನಿಂತಳು. ಹಿಂದೆ ತಿರುಗಿ ನೋಡಲಿಲ್ಲ.

ಯಂತ್ರ ನಿಂತಿತು. ಪೂರ್ತಿ ನಿಂತಿತು. ಡೆನ್ವರ್ ಕೀಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಕೆಳಗಿಳಿಯದೆ ಅಲ್ಲೇ ಕೂತ. ಆ ಸದ್ದಿಲ್ಲದ ಹೊತ್ತಿನಲ್ಲಿ ಎಲ್ಲಿಯದೋ ಒಂದು ಹಕ್ಕಿ ಕೂಗಿದ್ದು ಕೇಳಿತು.

“ಆ ಕಾಗದ ಜೇಬಲ್ಲಿಡಿ,” ಎಂದಳು ಓರ್ಫಾ. “ಹೊಸದು ಬರೀರಿ. ನಾನು ಹೆಸರು ಹೇಳ್ತೀನಿ. ಹೆಸರು ಹೇಳಿದ್ದು ನಂದು. ಅದರಲ್ಲಿ ಅಗಲದ ಮಾತು ಒಂದೂ ಇರಬಾರ್ದು.”

ಹಿಂದಿನಿಂದ ಯಾರೋ ಹೆಂಗಸು, ಹಂಗಾದ್ರೆ ನಮ್ಮ ಗುಡ್ಡದ ಮಾತೇನು ಓರ್ಫಾ ಎಂದು ಕೇಳಿದಳು. ನಿಮ್ಮದರ ಹೆಸರು ನೀವು ಹೇಳಿ, ನಾನು ಎಲ್ಲರದೂ ಸೇರಿಸಿ ಹೇಳಿದರೆ ಅದೂ ಅಗಲದ ಮಾತೇ ಆಯಿತಲ್ಲ ಎಂದಳು ಓರ್ಫಾ. ಆ ಮಾತು ಕೆಲವರಿಗೆ ಹಿಡಿಸಲಿಲ್ಲ. ಆದರೆ ಯಾರೂ ಹೋಗಲಿಲ್ಲ.

ಪ್ರಿವಿಟ್ ಜೀಪಿನ ಮೂತಿಯ ಮೇಲೆ ಹಾಳೆ ಇಟ್ಟುಕೊಂಡು ಬರೆದ. ಓರ್ಫಾ ಕಣ್ಣು ಅರೆಮುಚ್ಚಿ ಹೇಳುತ್ತ ಹೋದಳು. ಎಲೈಜಾನ ಗೋರಿ, ಅದರ ಕಲ್ಲು. ಅವ್ವನ ಗೋರಿ, ಅದಕ್ಕೆ ಕಲ್ಲಿಲ್ಲ, ಗುಲಾಬಿ ಗಿಡವಿದೆ. ಕೂಸುಗಳದು, ಟಾಲ್ಬರ್ಟನದು, ಪಕ್ಕದ ಖಾಲಿ ಜಾಗ ತನ್ನದು. ಬಾಗಿದ ದೇವದಾರು, ಸಿಡಿಲು ಹೊಡೆದ ದೇವದಾರು. ಬೇಲಿ, ಬೇಲಿಯ ಗೇಟು. ಇದಿಷ್ಟನ್ನು ಕಂಪನಿ ಮುಟ್ಟುವುದಿಲ್ಲ, ಅಡಿಯಲ್ಲೂ ಅಗೆಯುವುದಿಲ್ಲ. ಬೇಲಿಯ ಹೊರಗಿನ ಗುಡ್ಡದಲ್ಲಿ ಯಂತ್ರಕ್ಕೆ ಓರ್ಫಾ ಅಡ್ಡ ನಿಲ್ಲುವುದಿಲ್ಲ. ಬಿಸಿಲೇರಿತು. ಪ್ರಿವಿಟ್‌ನ ಕಾಲರು ಬೆವರಿನಲ್ಲಿ ತೊಯ್ದಿತು.

ಬರೆದಾದ ಮೇಲೆ ಓರ್ಫಾ ಕಾಗದವನ್ನು ವೆಸ್ಟಾಳ ಕೈಗೆ ಕೊಡಿಸಿದಳು. ಆ ಮನೆಯಲ್ಲಿ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೆ. ವೆಸ್ಟಾ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಉಳಿಸುವವುಗಳ ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳು ನಿಲ್ಲಿಸಿದಳು. ಅತ್ತೆ ಹೇಳದ ಮಾತು ಅಲ್ಲಿತ್ತು.

“ಇಲ್ಲೊಂದೈತೆ ಅತ್ತೆ. ‘ಮತ್ತು ಅದಕ್ಕೆ ಸೇರಿದ ಸಕಲ ದಾರಿಗಳು’ ಅಂತ.”

ಅದು ಬರೆದು ಬರೆದು ಕೈಗೆ ಬಂದ ರೂಢಿ ಅಮ್ಮ, ಇಂಥ ಕಾಗದದಲ್ಲಿ ಕೊನೆಗೆ ಹಾಗೆ ಸೇರಿಸುತ್ತೇವೆ, ಬೇರೇನಿಲ್ಲ ಎಂದ ಪ್ರಿವಿಟ್.

“ಯಾವ ದಾರಿ? ಕಲ್ಲಿದ್ದಲು ಸಾಗಿಸೋ ದಾರೀನಾ? ಗೋರಿ ಮೇಲೆ ಲಾರಿ ಓಡ್ಸೋಕಾ?” ಓರ್ಫಾಳ ದನಿ ಮೊದಲ ಸಲ ಏರಿತು. “ಸಕಲ ಅನ್ನೋದು ಬ್ಯಾಡ. ಆ ಸಾಲಿಗೇ ಗೆರೆ ಹೊಡೀರಿ.”

ಪ್ರಿವಿಟ್ ಪೆನ್ನು ಹಿಡಿದು ಒಂದು ಗಳಿಗೆ ಅವಳನ್ನೇ ನೋಡಿದ. ಖಂಡಿತಾನಾ ಎಂದು ಕೇಳಿದ. ಆ ಸಾಲು ತೆಗೆದರೆ ಏನಾಗುತ್ತದೆಂದು ಹೇಳಲು ಬಾಯಿ ತೆರೆದನೋ, ಸುಮ್ಮನೆ ಬಾಯಿ ಒಣಗಿತ್ತೋ, ವೆಸ್ಟಾಳಿಗೆ ತಿಳಿಯಲಿಲ್ಲ. ಓರ್ಫಾ ಮತ್ತೆ ಹೊಡೀರಿ ಎಂದಳು. ಅವನು ಆ ಸಾಲಿನ ಮೇಲೆ ಗೆರೆ ಎಳೆದ. ಓರ್ಫಾ ಗೀರು ಹಾಕಿದಳು. ಹೈರಮ್ ಮತ್ತು ಪಕ್ಕದ ಮನೆಯವನು ಸಾಕ್ಷಿ ಹಾಕಿದರು. ಜನ ಬಟ್ಟೆ ಹಾಸಿ ಬುತ್ತಿ ಬಿಚ್ಚಿದರು. ಆರ್ವಿಲ್ ಮುಂದೆ ಬಂದು ತಾಯಿಯ ಪಕ್ಕ ಕೂತು, ಅವಳ ತಟ್ಟೆಯಿಂದಲೇ ಒಂದು ತುಂಡು ಕೋಳಿ ಎತ್ತಿಕೊಂಡ. ಸೋಮವಾರ ಅವನ ಕೆಲಸ ಹೋಯಿತು. ಡೆನ್ವರನದು ಅವತ್ತೇ ಹೋಗಿತ್ತು.

ಕಂಪನಿ ಮಾತಿಗೆ ತಪ್ಪಲಿಲ್ಲ. ಅದನ್ನು ಓರ್ಫಾಳೂ ಒಪ್ಪುತ್ತಿದ್ದಳು. ಹೊಸ ಡ್ರೈವರ್ ಬಂದು ಬೇಸಗೆಯಿಡೀ ಗುಡ್ಡ ಸುಲಿದ. ಬೇಲಿಯ ಒಂದು ಗೂಟವೂ ಅಲುಗಲಿಲ್ಲ. ಬೇಲಿಯ ಹೊರಗೆ ಮೊದಲು ಬಲಗಡೆಯ ನೆಲ ಹೋಯಿತು, ಆಮೇಲೆ ಹಿಂಬದಿಯದು, ಆಮೇಲೆ ಎಡಗಡೆಯದು. ಎಲೆ ಉದುರುವ ಹೊತ್ತಿಗೆ ಗೋರಿ ಜಾಗ ಮೂರು ಕಡೆ ಕಡಿದು ಉಳಿಸಿದ ಬೆಲ್ಲದಚ್ಚಿನಂತೆ ನಿಂತಿತ್ತು. ನಾಲ್ಕನೆಯ ಕಡೆಯಲ್ಲಿ, ಮನೆಯ ಹಿಂದಿನಿಂದ ಹತ್ತುವ ಕಾಲುದಾರಿಯ ಕಡೆಯಲ್ಲಿ, ಯಂತ್ರ ಬಂದು ನಿಂತಾಗ ಓರ್ಫಾ ಓಡಿದಳು. ಅಷ್ಟು ವಯಸ್ಸಾದವಳು ಓಡಿದ್ದನ್ನು ವೆಸ್ಟಾ ನೋಡಿದ್ದು ಅದೊಂದೇ ಸಲ. ಹೊಸ ಡ್ರೈವರ್ ಮರ್ಯಾದಸ್ಥ ಹುಡುಗ. ಯಂತ್ರ ನಿಲ್ಲಿಸಿ ಪ್ರಿವಿಟ್‌ನನ್ನು ಕರೆಸಿದ. ಪ್ರಿವಿಟ್ ಕಾಗದ ತೆರೆದು ತೋರಿಸಿದ. ಗೋರಿಗಳಿವೆ, ಕಲ್ಲಿದೆ, ಗುಲಾಬಿ ಗಿಡವಿದೆ, ಮರಗಳಿವೆ, ಬೇಲಿ ಇದೆ, ಗೇಟಿದೆ. ದಾರಿ ಇಲ್ಲ. ಇದ್ದದ್ದನ್ನು ನೀವೇ ಹೊಡೆಸಿದಿರಿ ಅಮ್ಮ ಎಂದ. ಕೊಂಕಾಗಿ ಹೇಳಲಿಲ್ಲ, ಮೆಲ್ಲಗೇ ಹೇಳಿದ. ಬೇಲಿಯ ಹೊರಗೆ ಅಡ್ಡ ನಿಲ್ಲುವುದಿಲ್ಲ ಎಂದೂ ಅದೇ ಕಾಗದದಲ್ಲಿತ್ತು. ಓರ್ಫಾ ಕೊಟ್ಟ ಮಾತಿನವಳು. ಪಕ್ಕಕ್ಕೆ ಸರಿದು ನಿಂತಳು. ನಾಲ್ಕನೆಯ ಕಡೆಯೂ ಹೋಯಿತು.

ಮುಂದಿನ ವರ್ಷ ಹೂವಿನ ಭಾನುವಾರ ಜನ ಬಂದು ಕೆಳಗೆ ನಿಂತರು. ಮನೆಯ ಎರಡರಷ್ಟು ಎತ್ತರದ ಹಳದಿ ಮಣ್ಣಿನ ಗೋಡೆ ಸುತ್ತ. ಮೇಲೆ ಬೇಲಿ, ಬಾಗಿದ ದೇವದಾರು, ಗಾಳಿಗೆ ತೆರೆದು ಮುಚ್ಚುವ ಗೇಟು. ಆ ಗೇಟಿನ ಆಚೆ ಹೆಜ್ಜೆಯಿಡಲು ನೆಲವಿಲ್ಲ. ಆರ್ವಿಲ್ ಹಗ್ಗ ಎಸೆದು ಹತ್ತಲು ಹೋದ. ಅರ್ಧಕ್ಕೆ ಹೋಗುವಷ್ಟರಲ್ಲಿ ಮಣ್ಣು ಜಾರಿ, ಅವನು ಬಿದ್ದು ಭುಜ ಮುರಿದುಕೊಂಡ. ಇನ್ನೊಮ್ಮೆ ಹತ್ತಿದರೆ ಗೋಡೆ ಕುಸಿದು ಗೋರಿಗಳೇ ಕೆಳಗೆ ಬಂದಾವು ಎಂದು ಹೈರಮ್ ಹಗ್ಗ ಕಿತ್ತುಕೊಂಡ. ಜನ ಮೇಣದ ಹೂಗಳನ್ನು ಗೋಡೆಯ ಬುಡದಲ್ಲಿಟ್ಟು, ತಲೆಯೆತ್ತಿ ನೋಡಿ, ಉಣ್ಣದೆ ಹೋದರು. ಹಿಂದೆ, ನಮ್ಮ ಗುಡ್ಡದ ಮಾತೇನು ಎಂದು ಕೇಳಿದ್ದ ಹೆಂಗಸು ಹೋಗುವಾಗ, ಹೆಸರು ಹೇಳಿ ಹೇಳಿ ಕೊನೆಗೆ ಇಷ್ಟೇನಾ ಓರ್ಫಾ ಎಂದಳು.

ಆಮೇಲೆ ಓರ್ಫಾ ದಾರಿ ಕೇಳಲು ಹೊರಟಳು. ಪ್ರಿವಿಟ್‌ಗೆ ಎರಡು ಸಲ ಹೇಳಿ ಕಳಿಸಿದಳು, ಮೂರನೆಯ ಸಲ ತಾನೇ ಹೋಗಿ ಅವನ ಆಫೀಸಿನ ಬೆಂಚಿನ ಮೇಲೆ ಸಂಜೆವರೆಗೆ ಕೂತು ಬಂದಳು. ದಾರಿ ಮಾಡಲು ಮಣ್ಣು ತುಂಬಬೇಕು, ತುಂಬಲು ಕಂಪನಿಗೆ ಕಾರಣ ಬೇಕು, ಕಾಗದದಲ್ಲಿ ಕಾರಣವಿಲ್ಲ ಎಂಬುದೇ ಮೂರು ಸಲವೂ ಅವನ ಉತ್ತರ. ಜಗಲಿಯಲ್ಲಿ ಅವಳ ಕುರ್ಚಿ ಈಗ ಗುಡ್ಡದ ಕಡೆ ತಿರುಗಿತು. ಅಲ್ಲಿಂದ ಟಾಲ್ಬರ್ಟನ ಕಲ್ಲು ಕಾಣುತ್ತಿತ್ತು, ತನ್ನ ಹೆಸರಿನ ಅರ್ಧವೂ. ಪ್ರಾರ್ಥನೆಯಲ್ಲಿ ಹೆಸರು ಹೇಳುತ್ತ ಹೇಳುತ್ತ ನಡುವೆ ನಿಂತುಬಿಡುತ್ತಿದ್ದಳು. ಯಾರನ್ನೋ ಬಿಟ್ಟೆನೇನೋ ಎಂದು ಮೊದಲಿನಿಂದ ಶುರು ಮಾಡುತ್ತಿದ್ದಳು. ಆರ್ವಿಲ್ ಈಗ ರೊಟ್ಟಿ ತಣ್ಣಗಾಯಿತು ಎನ್ನುತ್ತಿರಲಿಲ್ಲ.

ಮಾರ್ಚಿನಲ್ಲಿ ಅವಳು ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ಎಂದರು ಡಾಕ್ಟರು. ಆಸ್ಪತ್ರೆಯ ಮಾತು ಎತ್ತಿ ತಾವೇ ಬಿಟ್ಟರು. ಆರ್ವಿಲ್ ತಾಯಿಗೆ ತಿಳಿಯದಂತೆ ಹೈರಮ್‌ನ ಹತ್ತಿರ ಹೋಗಿ, ರಸ್ತೆ ಬದಿಯ ಚರ್ಚಿನ ಹಿತ್ತಲಲ್ಲಿ ಒಂದು ಜಾಗ ಕೇಳಿ ಬಂದ. ಬಂದವನು ಅಡುಗೆ ಮನೆಯಲ್ಲಿ ವೆಸ್ಟಾಳಿಗೆ ಪಿಸುಗುಟ್ಟಿದ. ಮೇಲೆ ಹೊರಲು ಆಗುವುದಿಲ್ಲ, ಇದೇ ಸರಿ, ಅವ್ವನಿಗೆ ಹೇಳಬೇಡ ಎಂದ. ಮರದ ಗೋಡೆಯ ಆಚೆಯಿಂದ ಓರ್ಫಾ ಸೊಸೆಯ ಹೆಸರು ಕರೆದಳು.

ವೆಸ್ಟಾ ಕೈ ಒರೆಸಿಕೊಂಡು ಹೋದಳು. ಓರ್ಫಾಳನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಉಸಿರು ಒಂದೊಂದೇ ಮೆಟ್ಟಿಲು ಹತ್ತಿದಂತೆ ಬರುತ್ತಿತ್ತು. ಕಿಟಕಿಯಾಚೆ ಗುಡ್ಡದ ಹಳದಿ ಮಣ್ಣಿನ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು.

“ಕೇಳಿಸ್ತು ನಂಗೆ. ಆರ್ವಿಲ್ ತಪ್ಪೇನಿಲ್ಲ,” ಎಂದಳು. “ನೀನು ಪ್ರಿವಿಟ್ ಹತ್ರ ಹೋಗು. ಹೊಸ ಕಾಗದ ಬರೆಸು.”

“ಏನಂತ ಬರೆಸ್ಲಿ ಅತ್ತೆ? ನಡೆಯೋ ದಾರಿ, ಹೊತ್ಕೊಂಡು ಹೋಗೋ ದಾರಿ ಅಂತಾನಾ?”

“ಬ್ಯಾಡ. ನನ್ನಂಗೆ ಹೆಸರು ಹೇಳ್ತಾ ನಿಂತ್ಕಬ್ಯಾಡ. ಹೇಳಿದ್ದಷ್ಟೇ ಉಳೀತದೆ, ಮರೆತದ್ದು ಅವರ ಪಾಲಾಗ್ತದೆ. ನೂರು ನೆಪ್ಪಿಟ್ಕಂಡು ಒಂದು ಮರೀತೀವಿ ನಾವು.” ಉಸಿರಿಗೆ ಕಾದಳು. “ಅವರ ಮಾತೇ ಬರೆಸು. ಸಕಲ ದಾರಿ. ಯಾರಿಗೇ ಆಗ್ಲಿ, ಯಾವತ್ತಿಗೇ ಆಗ್ಲಿ, ಎಂದೆಂದಿಗೂ. ದೇವರಿಗೆ ಅನ್ನೋ ಮಾತು ಅಂತ ನಾವು ಮುಟ್ಟದೆ ಕೂತ್ವಿ ಕಣೆ. ಅವರು ಎರಡೂ ಕೈಯಲ್ಲಿ ಬಾಚ್ಕಂಡ್ರು.”

ವೆಸ್ಟಾ ಅತ್ತೆಯ ಕೈ ಹಿಡಿದುಕೊಂಡಳು. ಪ್ರಿವಿಟ್ ಮೂರು ಸಲ ಇಲ್ಲವೆಂದದ್ದು ಅವಳ ಮನಸ್ಸಿನಲ್ಲಿತ್ತು. ಕೇಳಬಾರದೆಂದುಕೊಂಡರೂ ಕೇಳಿದಳು. “ಬರೆದು ಕೊಡ್ದಿದ್ರೆ?”

“ಬರೆದು ಕೊಡೋವರ್ಗೂ ನನ್ನ ಹೂಳಬ್ಯಾಡ,” ಎಂದಳು ಓರ್ಫಾ. “ಪೆಟ್ಟಿಗೆ ತಗೊಂಡೋಗಿ ಅವನ ಆಫೀಸಿನ ಬಾಗಿಲಲ್ಲಿ ಇಟ್ಕೊಂಡು ಕೂತ್ಕೋ. ಕೂತ್ಕೋತೀಯಾ?”